ಝುವೇನಾಳ ಕೈಯ ಮದರಂಗಿ

ನನ್ನ ತಂಗಿ ಝುವೇನಾ ತೀರಿಕೊಂಡ ಸುದ್ದಿ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ. ನಾನು ಅಂಗಳದ ಚಾಪೆಯ ಮೇಲೆ ಹಸಿ ಲವಂಗ ಹರವುತ್ತಿದ್ದೆ. ಫೋನ್ ಮಾಡಿದವಳು ಅವಳ ಮಗಳು ತಾತು. ದನಿಯಲ್ಲಿ ಅಳು ಇರಲಿಲ್ಲ.

"ದೊಡ್ಡಮ್ಮ, ಅಮ್ಮ ಬೆಳಗಿನ ನಮಾಜಿಗೆ ಅಂತ ಕೈಕಾಲು ತೊಳೀತಿದ್ದಳು. ಎದೆ ಹಿಡ್ಕೊಂಡು ಅಲ್ಲೇ ಕೂತಳು. ಮತ್ತೆ ಏಳಲಿಲ್ಲ."

ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತನ್ನು ಹೇಳಿಕೊಂಡೆ. ಮುಷ್ಟಿಯಲ್ಲಿದ್ದ ಲವಂಗವನ್ನು ಚಾಪೆಯ ಮೇಲಿಟ್ಟೆ. ಅವಳಿಗೆ ಅರವತ್ತೊಂದು, ನನಗೆ ಅರವತ್ತೆಂಟು. ಸರದಿಯಲ್ಲಿ ಮುಂದೆ ನಿಂತಿದ್ದವಳು ನಾನು. ದೇವರು ಹಿಂದಿನಿಂದ ಕರೆದುಕೊಂಡ.

ನಮ್ಮ ದ್ವೀಪದ ವೇಟೆ ಪಟ್ಟಣದಲ್ಲಿದ್ದ ಅವಳ ಮನೆ ಮುಟ್ಟುವಾಗ ಹೊಸ್ತಿಲವರೆಗೆ ಹೆಂಗಸರು ತುಂಬಿದ್ದರು. ತಾತು ನನ್ನ ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು.

"ನಾನೂ ತೊಳೀತೀನಿ ದೊಡ್ಡಮ್ಮ. ನನ್ನ ಹೆತ್ತವಳು ಅವಳು."

"ಬೇಡ ಅಂತ ಅವಳೇ ಹೇಳಿದ್ದಾಳಲ್ಲ ಮಗಳೇ."

"ಯಾಕೆ ಬೇಡ ಅಂದಳು? ನಾನೇನು ಪಾಪ ಮಾಡಿದ್ದೆ?"

ನಿಜವಾದ ಕಾರಣ ಆಗ ನನಗೂ ಗೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆಯೇ ಝುವೇನಾ ನನ್ನನ್ನೂ ತಾತುವನ್ನೂ ಕೂರಿಸಿಕೊಂಡು ಹೇಳಿದ್ದಳು. ತನ್ನ ಮಯ್ಯತ್ತನ್ನು, ಅಂದರೆ ಶವವನ್ನು, ನಾನು ಮತ್ತು ನೆರೆಮನೆಯ ಮಯಾಸಾ ತೊಳೆಯಬೇಕು, ನಾವಿಬ್ಬರೇ. ಮಗಳು ಬೇಡ, ಮೊಮ್ಮಗಳು ಬೇಡ. ಕರುಳಿನವರು ಅಳುತ್ತಾ ನೀರು ಹಾಕಿದರೆ ತನಗೆ ನೆಮ್ಮದಿಯಿಲ್ಲ ಎಂದಿದ್ದಳು. ನಾನು ನಂಬಿದ್ದೆ.

ಮಯಾಸಾ ಮತ್ತು ನಾನು ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇವೆ. ಕೇರಿಯ ಹೆಂಗಸರನ್ನು ಕಡೆಯ ಬಾರಿ ಮುಟ್ಟಿದ ಕೈಗಳು ನಮ್ಮವು. ಹಗ್ಗದ ಮಂಚದ ಕೆಳಗೆ ಒಂದು ಗುಂಡಿ ತೋಡುತ್ತೇವೆ, ನೀರೆಲ್ಲ ಅದಕ್ಕೆ ಇಳಿಯಬೇಕು. ಕೆಲಸ ಮುಗಿದ ಮೇಲೆ ಗುಂಡಿಗೆ ಮಣ್ಣು ಎಳೆಯುತ್ತೇವೆ. ನಾವು ಕಂಡದ್ದು ಆ ನೀರಿನ ಜೊತೆ ಮಣ್ಣಿಗೆ ಹೋಗಬೇಕು. ಒಬ್ಬಳ ಹೊಟ್ಟೆಯ ಮೇಲಿನ ಹೊಲಿಗೆ, ಇನ್ನೊಬ್ಬಳ ಬೆನ್ನಿನ ಮೇಲಿನ ಪೆಟ್ಟಿನ ಗುರುತು, ಯಾವುದನ್ನೂ ನಾವು ಯಾರಿಗೂ ಹೇಳಿಲ್ಲ. ಮಯ್ಯತ್ತಿನ ಮೇಲೆ ಕಂಡದ್ದನ್ನು ಮುಚ್ಚಿಟ್ಟವರನ್ನು ದೇವರು ಮತ್ತೆ ಮತ್ತೆ ಕ್ಷಮಿಸುತ್ತಾನೆ ಎಂದು ನಮಗೆ ಕಲಿಸಿದ್ದಾರೆ. ನನ್ನ ಪಾಪಗಳಿಗೆ ನಾನು ನೆಚ್ಚಿಕೊಂಡಿದ್ದುದು ಅದನ್ನೇ.

ಸುತ್ತ ನಾವು ಹೊದೆಯುವ ಕಾಂಗಾ ಬಟ್ಟೆಗಳ ಪರದೆ ಕಟ್ಟಿದೆವು. ಹೊದಿಕೆಯ ಅಡಿಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಬಲಗಡೆಯಿಂದ ಶುರು ಮಾಡಿದೆ. ಮುಂಗೈವರೆಗೆ ಅವಳ ಕೈ ಎಂದಿನಂತೆ ಮದರಂಗಿಯಲ್ಲಿ ಕೆಂಪಗಿತ್ತು. ತೋಳು ಮಡಚಿ ಉದ್ದ ಅಂಗಿಯನ್ನು ಬಿಡಿಸುವಾಗ ಮಯಾಸಾಳ ಕೈ ನಿಂತಿತು.

ಮೊಣಕೈ ಬೆಳ್ಳಗಿತ್ತು. ಎರಡೂ ಮೊಣಕೈಗಳು. ತೆಂಗಿನ ತಿರುಳಿನ ಬಿಳುಪು. ಬೆನ್ನನ್ನು ತಿರುಗಿಸಿದಾಗ ಅಲ್ಲಿ ಅಂಗೈ ಅಗಲದ ನಾಲ್ಕು ಮಚ್ಚೆಗಳು, ಮಂಡಿಯಿಂದ ಹಿಮ್ಮಡಿಯವರೆಗೆ ಬಿಳಿಯ ಪಟ್ಟೆ, ಕುತ್ತಿಗೆಯ ಬುಡದಲ್ಲಿ ಹಾರದ ಹಾಗೆ ಒಂದು ಸುತ್ತು. ಆ ಸುತ್ತಿನ ಕೆಳಗೆ ಗಂಟಲು ಸ್ವಲ್ಪ ಊದಿತ್ತು. ತೊನ್ನು. ನನ್ನ ಒಡಹುಟ್ಟಿದವಳ ಮೈತುಂಬ ತೊನ್ನು. ಎಷ್ಟು ವರ್ಷದಿಂದ ಇತ್ತೋ, ನನಗೆ ಒಂದು ಮಾತೂ ಗೊತ್ತಿರಲಿಲ್ಲ.

ಮಯಾಸಾ ನನ್ನ ಮುಖ ನೋಡಿದಳು. "ನೀರು ಹಾಕು ಅರಾಫಾ," ಎಂದಳು ಮೆಲ್ಲಗೆ. "ನಾವು ಏನೂ ನೋಡಲಿಲ್ಲ."

ನಾನು ನೀರು ಹಾಕಿದೆ. ಮೈಗೆ ಕರ್ಪೂರ ಸವರಿದೆ. ಕಫನಿನ ಬಿಳಿ ಬಟ್ಟೆ ಸುತ್ತುವಾಗ ಗಂಟು ಎರಡು ಸಲ ಬಿಚ್ಚಿಕೊಂಡಿತು. ಪರದೆಯ ಆಚೆ ತಾತು ಬಿಕ್ಕುವುದು ಕೇಳಿಸುತ್ತಿತ್ತು.

ಝುವೇನಾ ಮದುಮಗಳಿಗೆ ಮದರಂಗಿ ಹಚ್ಚುವವಳು. ವೇಟೆಯಲ್ಲಿ ಅವಳ ಕೈ ಮುಟ್ಟದೆ ಗಂಡನ ಮನೆಗೆ ಹೋದ ಹುಡುಗಿ ಕಡಿಮೆ. ಅವಳ ಎರಡು ಕೈಯೂ ಪಾದಗಳೂ ವರ್ಷವಿಡೀ ಕೆಂಪಾಗಿರುತ್ತಿದ್ದವು. ಅದನ್ನು ನಾವು ಅವಳ ಅಂಗಡಿಯ ಫಲಕ ಎಂದು ತಮಾಷೆ ಮಾಡುತ್ತಿದ್ದೆವು. "ಮುದುಕಿಗೆ ಇನ್ನೂ ಮದುವೆಯ ಆಸೆ!" ಎಂದು ಮಯಾಸಾ ಕೆಣಕಿದರೆ, "ಗಂಡು ನೋಡು, ನಾನು ರೆಡಿ," ಎಂದು ಅವಳು ನಗುತ್ತಿದ್ದಳು.

ಅವಳ ಗಂಡ ತೀರಿಕೊಂಡಾಗ ಇದ್ದತ್ತಿನ, ಅಂದರೆ ವಿಧವೆ ಶೋಕದಲ್ಲಿ ಕಳೆಯಬೇಕಾದ, ನಾಲ್ಕು ತಿಂಗಳು ಹತ್ತು ದಿನ ಅವಳು ಮದರಂಗಿ ಹಚ್ಚುವಂತಿರಲಿಲ್ಲ. ಆ ದಿನಗಳಲ್ಲಿ ಅವಳು ಯಾರ ಮುಂದೆಯೂ ಕೈ ಹೊರಗೆ ತೆಗೆಯಲಿಲ್ಲ. ಕಾಂಗಾದ ಒಳಗೇ ಕೈ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಗಂಜಿ ತಂದರೆ, "ಅಲ್ಲಿಡು ಅಕ್ಕ, ಆಮೇಲೆ ಕುಡೀತೀನಿ," ಎನ್ನುತ್ತಿದ್ದಳು. ಎಂಥ ದುಃಖ ಇದು, ತುತ್ತು ಎತ್ತುವ ಶಕ್ತಿಯೂ ಇಲ್ಲವಲ್ಲ ಎಂದು ನಾವು ಮರುಗಿದೆವು. ಈಗ, ಇಪ್ಪತ್ತು ವರ್ಷದ ಮೇಲೆ, ಆ ಗಂಜಿಯ ಬಟ್ಟಲು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಕುತ್ತಿಗೆಗೆ ಯಾವಾಗಲೂ ಒಂದು ಬಟ್ಟೆ. ಡಾಕ್ಟರ ಹತ್ತಿರ ಹೋಗು ಎಂದರೆ ಬೇಡ. ಎದೆ ಡವಡವ ಎನ್ನುತ್ತದೆ, ರಾತ್ರಿ ನಿದ್ದೆಯಿಲ್ಲ, ಎಷ್ಟು ಉಂಡರೂ ಮೈ ಹತ್ತುವುದಿಲ್ಲ ಎಂದು ಹೇಳುತ್ತಿದ್ದಳು. ಆದರೆ ಆಸ್ಪತ್ರೆಯ ಮಂಚದ ಮೇಲೆ ಅಂಗಿ ಬಿಚ್ಚಿ ಮಲಗುವ ಪ್ರಶ್ನೆಯೇ ಇರಲಿಲ್ಲ. ಏಕೆಂದು ಈಗ ತಿಳಿಯಿತು. ತಿಳಿದು ಏನು ಮಾಡಲಿ? ಗುಂಡಿಗೆ ಮಣ್ಣು ಎಳೆದಾಗಿತ್ತು.

ಹನ್ನೆರಡನೆಯ ದಿನ ಕುರಾನ್ ಓದಿಸಲು ಹೆಂಗಸರು ಸೇರಿದ್ದರು. ತಾತುವಿನ ಮಗಳು ರಾಯಾ ಎಲ್ಲರಿಗೂ ಶುಂಠಿ ಚಹಾ ತಂದಳು. ಹದಿನೇಳರ ಹುಡುಗಿ, ಅಜ್ಜಿಯ ಪಕ್ಕದಲ್ಲಿ ಕೂತು ಮದರಂಗಿಯ ಕೆಲಸ ಕಲಿತವಳು. ಅವಳ ಬೆರಳುಗಳ ಮೇಲೆ ಪೀಕೋ ಇತ್ತು. ಪೀಕೋ ಎಂದರೆ ನಮ್ಮ ಹೆಂಗಸರು ಮದರಂಗಿಯ ಗೆರೆಗಳ ಅಂಚಿಗೆ ಎಳೆಯುವ ಕಪ್ಪು ಬಣ್ಣ, ತಲೆಗೂದಲಿನ ಬಣ್ಣದ ಪುಡಿಯಿಂದ ಮಾಡುವುದು. ಗೆರೆ ಎಳೆಯುವ ಬದಲು ಅವಳು ಬೆರಳಿಗೆಲ್ಲ ಬಳಿದುಕೊಂಡಿದ್ದಳು. ತುಟಿಯ ಪಕ್ಕ, ಗಲ್ಲದ ಮೇಲೂ ಒಂದು ಕಪ್ಪು ಬೊಟ್ಟು.

ಓದಲು ಬಂದಿದ್ದ ಒಬ್ಬಾಕೆ ಬಟ್ಟಲು ತೆಗೆದುಕೊಳ್ಳುತ್ತಾ, "ಅಜ್ಜಿ ಮಣ್ಣಾಗಿ ಎರಡು ವಾರ ಆಗಿಲ್ಲ, ಇವಳು ನೋಡಿ, ನಾಳೆ ನಿಕಾಹ್ ಇರೋ ಹಾಗೆ ಬಳ್ಕೊಂಡಿದ್ದಾಳೆ," ಎಂದಳು.

ರಾಯಾ ಒಳಗೆ ತಿರುಗಿದಳು. ಟ್ರೇ ಹಿಡಿದ ಕೈ ಅಲುಗಿ ಬಟ್ಟಲುಗಳು ಸದ್ದು ಮಾಡಿದವು. ಅಡುಗೆಮನೆಗೆ ಅವಳ ಹಿಂದೆಯೇ ಹೋದೆ.

"ಕೈ ಕೊಡು."

"ಏನಿಲ್ಲ ಅಜ್ಜಿ, ಸುಟ್ಟ ಗಾಯ."

"ಕೊಡು ಅಂದೆ."

ಕೊಟ್ಟಳು. ಕಪ್ಪು ಬಣ್ಣದ ಅಡಿಯಲ್ಲಿ ಚರ್ಮ ಗುಳ್ಳೆ ಎದ್ದು ಒಣಗಿತ್ತು. ಬೆರಳುಗಳ ಸಂದಿಯಲ್ಲಿ, ಬಣ್ಣ ತಪ್ಪಿದ ಅಂಚಿನಲ್ಲಿ, ಅದೇ ತೆಂಗಿನ ತಿರುಳಿನ ಬಿಳುಪು. ಹನ್ನೆರಡು ದಿನದ ಹಿಂದೆ ಮಣ್ಣಿಗೆ ಇಳಿಸಿದ್ದು ಮತ್ತೆ ಎದ್ದು ಬಂದು ನನ್ನ ಕೈ ಹಿಡಿದಿತ್ತು.

"ಎಷ್ಟು ದಿನ ಆಯ್ತು?"

"ಲವಂಗದ ಕೊಯ್ಲಿಗೆ ಮುಂಚೆ. ಚಿಕ್ಕದಿತ್ತು. ಮುಚ್ಚೋಣ ಅಂತ ಪೀಕೋ ಹಾಕಿದೆ. ಅದು ಉರಿದು ಗುಳ್ಳೆ ಆಯ್ತು. ಗುಳ್ಳೆ ಹೋದ ಮೇಲೆ ಮೊದಲಿಗಿಂತ ದೊಡ್ಡದಾಗಿ ಬೆಳ್ಳಗಾಯ್ತು. ಅದಕ್ಕೇ ಮತ್ತೆ ಹಾಕಿದೆ." ಅವಳ ದನಿ ಸಣ್ಣದಾಯಿತು. "ಅಜ್ಜಿ, ಕುಷ್ಠದವರನ್ನ ಮೊದಲೆಲ್ಲ ಊರಾಚೆ ಇಡ್ತಿದ್ರಂತೆ. ಈಗಲೂ ಇಡ್ತಾರಾ?"

"ಬಾಯಿ ಮುಚ್ಚು. ಯಾರು ಹೇಳಿದ್ದು ಕುಷ್ಠ ಅಂತ?"

"ಶಾಲೆಯಲ್ಲಿ ನನ್ನ ಪಕ್ಕ ಕೂರೋಳು ಬೆಂಚು ಬದಲಾಯಿಸಿದಳು."

ಅವಳು ಆಮೇಲೆ ಮೂರು ರೊಟ್ಟಿ ತಿಂದಳು, ನಿಂತುಕೊಂಡೇ, ಅವಸರವಸರವಾಗಿ. ಅಷ್ಟು ತಿಂದೂ ಅವಳ ಕೊರಳಿನ ಮೂಳೆ ಎದ್ದು ಕಾಣುತ್ತಿತ್ತು. ನಾನು ಅದನ್ನು ನೋಡಿದೆ, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ತಾತುವಿಗೆ ಹೇಳಿದಾಗ ಅವಳು ಮೊದಲು ಮಗಳನ್ನು ಬೈದಳು, ನಂತರ ಅತ್ತಳು, ಕೊನೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಶುರು ಮಾಡಿದಳು. ಅವಳನ್ನು ತಡೆದು ಆಸ್ಪತ್ರೆಗೆ ಹೊರಡಿಸಲು ನನಗೆ ಒಂದು ವಾರ ಬೇಕಾಯಿತು.

ಡಾಕ್ಟರ್ ಅಕ್ವಿಲಿನಾ ಸಮುದ್ರದಾಚೆಯ ಮುಖ್ಯನಾಡಿನಿಂದ ಬಂದ ಕ್ರೈಸ್ತ ಹೆಂಗಸು. ನಮ್ಮ ದ್ವೀಪದ ಮಾತು ಅವಳ ಬಾಯಲ್ಲಿ ಗಟ್ಟಿ ಗಟ್ಟಿಯಾಗಿ ಬರುತ್ತದೆ, ಮಕ್ಕಳು ಅಣಕಿಸುತ್ತಾರೆ. ಅವಳು ರಾಯಾಳ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯೊಂದನ್ನು ಬಿಳಿಯ ಜಾಗದ ಮೇಲೆ ಮೆಲ್ಲಗೆ ಮುಟ್ಟಿಸಿದಳು.

"ಗೊತ್ತಾಯ್ತಾ?"

"ಹೂಂ. ಕಚಗುಳಿ ಇಟ್ಟ ಹಾಗೆ."

"ಈಗ?"

"ಈಗಲೂ."

"ಹಾಗಾದ್ರೆ ಕುಷ್ಠ ಅಲ್ಲ. ಕುಷ್ಠದ ಮಚ್ಚೆಗೆ ಸ್ಪರ್ಶ ಗೊತ್ತಾಗಲ್ಲ, ಅಷ್ಟು ಬೆಳ್ಳಗೂ ಇರಲ್ಲ. ಇದು ತೊನ್ನು. ಮುಟ್ಟಿದ್ರೆ ಅಂಟಲ್ಲ, ಜೊತೆಗೆ ಉಂಡ್ರೂ ಅಂಟಲ್ಲ. ಆದರೆ ಆ ಕರಿ ಬಣ್ಣ ಇವತ್ತಿಗೆ ಸಾಕು ಮಗಳೇ. ಇಂಥ ಚರ್ಮಕ್ಕೆ ಗಾಯ ಆದ ಕಡೆಯೆಲ್ಲ ಬಿಳುಪು ಹರಡುತ್ತೆ. ಆ ಬಣ್ಣ ಅಂತೂ ಬೆಂಕಿಗೆ ಎಣ್ಣೆ."

ರಾಯಾ ಅಳುತ್ತಾ ನಕ್ಕಳು. ತಾತು ದೇವರನ್ನು ನೆನೆದಳು. ಆಗ ಡಾಕ್ಟರ್ ಲೇಖನಿ ಎತ್ತಿ ಕೇಳಿದ ಪ್ರಶ್ನೆ ನೇರವಾಗಿ ನನ್ನ ಎದೆಗೆ ಬಂದು ನಾಟಿತು.

"ನಿಮ್ಮ ಮನೆತನದಲ್ಲಿ ಇನ್ನು ಯಾರಿಗಾದ್ರೂ ಇದು ಇತ್ತಾ? ಅಥವಾ ಗಂಟಲಿನ ಥೈರಾಯ್ಡ್ ಕಾಯಿಲೆ? ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ?"

"ಯಾರಿಗೂ ಇಲ್ಲ," ಎಂದಳು ತಾತು, ಅವಮಾನವಾದವಳಂತೆ. "ನಮ್ಮದು ಶುದ್ಧವಾದ ಮನೆ."

"ಅಶುದ್ಧ ಅಂತ ನಾನು ಹೇಳಲಿಲ್ಲ ತಾಯಿ. ಮೈಯೊಳಗೆ ರೋಗದ ವಿರುದ್ಧ ಕಾವಲು ಕಾಯೋ ಪಡೆ ಇರುತ್ತೆ. ಅದು ದಾರಿ ತಪ್ಪಿ ಚರ್ಮಕ್ಕೆ ಬಣ್ಣ ಕೊಡೋ ಕಣಗಳನ್ನೇ ಹೊಡೆದು ಹಾಕಿದ್ರೆ ತೊನ್ನು. ಹಾಗೆ ದಾರಿ ತಪ್ಪೋ ಸ್ವಭಾವ ಕೆಲವು ಮನೆತನಗಳ ರಕ್ತದಲ್ಲಿ ಸ್ವಲ್ಪ ಹೆಚ್ಚು. ಒಬ್ಬರಲ್ಲಿ ಚರ್ಮದ ಮೇಲೆ ಬೀಳುತ್ತೆ, ಇನ್ನೊಬ್ಬರಲ್ಲಿ ಗಂಟಲಿನ ಗ್ರಂಥಿ ಮೇಲೆ. ಕೆಲವರಿಗೆ ಎರಡೂ. ಅದಕ್ಕೇ ಕೇಳ್ತಿರೋದು. ಇಲ್ಲಿ ಥೈರಾಯ್ಡ್ ಪರೀಕ್ಷೆ ಮಾಡೋ ಯಂತ್ರ ಇಲ್ಲ. ಉಂಗುಜಾ ದ್ವೀಪಕ್ಕೆ ಹೋಗ್ಬೇಕು."

"ಹಡಗು ಹತ್ತಿ?" ಎಂದಳು ತಾತು. "ಬೆರಳಿನ ಮೇಲಿನ ಎರಡು ಮಚ್ಚೆಗಾಗಿ?"

"ಮನೆಯಲ್ಲಿ ಇಂಥದ್ದು ಇದ್ದಿದ್ರೆ ಈ ವಾರವೇ ಹೋಗಿ ಅಂತ ಹೇಳ್ತಿದ್ದೆ. ಇಲ್ಲ ಅಂತೀರಿ. ಪರೀಕ್ಷೆ ಆದ್ರೆ ಒಳ್ಳೇದು. ಆಗೋದಿಲ್ಲ ಅಂದ್ರೆ ತಿಂಗಳು ಬಿಟ್ಟು ಕರ್ಕೊಂಡು ಬನ್ನಿ." ಡಾಕ್ಟರ್ ನನ್ನ ಕಡೆ ತಿರುಗಿದಳು. "ನೀವು ಹಿರಿಯರು. ನಿಮಗೇನಾದ್ರೂ ನೆನಪಿದೆಯಾ?"

ತಾತು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ," ಎಂದೆ.

ಆ ಒಂದು ಮಾತು ಹೊತ್ತುಕೊಂಡು ಮನೆಗೆ ಬಂದೆ. ನಮಾಜಿಗೆ ನಿಂತರೆ ಓದುವ ಸಾಲುಗಳು ತಪ್ಪುತ್ತಿದ್ದವು. ಸತ್ತವಳ ಮಾನ ಕಾಯಲು ಸುಳ್ಳು ಹೇಳಿದೆನೇ, ಅಥವಾ ಬದುಕಿರುವ ಹುಡುಗಿಯನ್ನು ಅದೇ ಗುಂಡಿಯ ಕಡೆಗೆ ತಳ್ಳಿದೆನೇ? ಝುವೇನಾಳ ಎದೆ ಡವಡವ ಎನ್ನುತ್ತಿದ್ದುದು, ಗಂಟಲು ಊದಿದ್ದು ನೆನಪಾಗುತ್ತಿತ್ತು. ನಮ್ಮ ತಾಯಿಯ ಗಂಟಲೂ ಊದಿತ್ತು. ಅದು ಅವಳಿಗೆ ಚೆಂದ ಎಂದು ಜನ ಹೊಗಳುತ್ತಿದ್ದರು. ಅವಳೂ ಒಂದು ದಿನ ಎದೆ ಹಿಡಿದುಕೊಂಡೇ ಹೋದವಳು.

ಶೇಖ್ ನಸ್ಸೋರ್ ನನ್ನ ಜೊತೆ ಕುರಾನ್ ಕಲಿತವರು. ಅವರ ಮನೆಯ ಹೊರಗಿನ ಕಲ್ಲುಕಟ್ಟೆಯ ಮೇಲೆ ಅವರ ಹೆಂಡತಿಯೂ ಕೂತಿದ್ದ ಹೊತ್ತು ನೋಡಿ ಹೋದೆ.

"ಬಾ ಅರಾಫಾ," ಎಂದರು. "ಇನ್ನೂ ನಿನ್ನ ತಲೆ ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಗಡ್ಡ ತುಂಬಿಕೊಳ್ಳೋದಕ್ಕೆ ಮುಂಚೆ ನಿನ್ನ ಕೂದಲು ಬೆಳ್ಳಗಾಗಿತ್ತು. ಹುಡುಗಿಗೆ ಮುದುಕಿಯ ಮರ್ಯಾದೆ!"

ನಮ್ಮ ಮನೆತನದ ಬಾಲನೆರೆ ಊರಿಗೆಲ್ಲ ಗೊತ್ತು. ಇಪ್ಪತ್ತೆರಡಕ್ಕೆ ನನ್ನ ತಲೆ ಬೆಳ್ಳಗಾಯಿತು. ಅದನ್ನು ನಾವು ಹಿರಿಯರ ಹರಕೆ ಎಂದು ಹೇಳಿಕೊಂಡು ಬಂದಿದ್ದೇವೆ. ಅಂದು ನನಗೆ ನಗು ಬರಲಿಲ್ಲ.

"ಮಯ್ಯತ್ ತೊಳೆಯೋಳು ಒಂದು ವಿಷಯ ನೋಡಿದ್ದಾಳೆ ಅಂತ ಇಟ್ಕೊಳ್ಳಿ," ಎಂದೆ. "ಅದನ್ನ ಹೇಳಿದ್ರೆ ಸತ್ತವಳ ಮಾನ ಹೋಗುತ್ತೆ. ಹೇಳದಿದ್ರೆ ಬದುಕಿರೋಳಿಗೆ ಕೇಡು ಆಗಬಹುದು. ಆಗುತ್ತೆ ಅಂತಲೂ ಅಲ್ಲ, ಆಗಬಹುದು."

ಶೇಖ್ ಕೈಯಲ್ಲಿದ್ದ ತಸ್ಬೀ ಜಪಮಣಿಯನ್ನು ಕಟ್ಟೆಯ ಮೇಲಿಟ್ಟರು. ಯಾರ ವಿಷಯ ಎಂದು ಕೇಳಲಿಲ್ಲ. ಕೇಳದಷ್ಟು ದೊಡ್ಡವರು ಅವರು.

"ಮುಚ್ಚಿಡು ಅಂದದ್ದು ಸತ್ತವರನ್ನ ಜನರ ನಾಲಿಗೆಯಿಂದ ಕಾಯೋಕೆ," ಎಂದರು. "ಬದುಕಿದವರ ಬಾಗಿಲಿಗೆ ಬೀಗ ಹಾಕೋಕೆ ಅಲ್ಲ. ಆದರೆ ಯಾರಿಗೆ ಬೇಕೋ ಅವರಿಗೆ, ಎಷ್ಟು ಬೇಕೋ ಅಷ್ಟೇ. ಒಂದು ಮಾತು ಹೆಚ್ಚಾದರೂ ಅದು ಚಾಡಿ. ಆ ಅಳತೆ ನಿನ್ನ ಕೈಯಲ್ಲಿದೆ, ಅದರ ಉತ್ತರವನ್ನೂ ನೀನೇ ಕೊಡ್ಬೇಕು."

ನನ್ನ ಭಯ ಕಡಿಮೆಯಾಗಲಿಲ್ಲ. ದಾರಿಯಲ್ಲಿ ಮಯಾಸಾಳ ಮನೆಗೆ ಹೋದೆ. ಕೇಳಿದ ಕೂಡಲೇ ಅವಳು ಕೂತಿದ್ದ ಕಾಯಿ ತುರಿಯುವ ಮಣೆಯಿಂದ ಎದ್ದುಬಿಟ್ಟಳು.

"ಅರಾಫಾ, ನಿನಗೆ ಬುದ್ಧಿ ಇದೆಯಾ? ಅವಳು ಮಗಳನ್ನೇ ದೂರ ಇಟ್ಟು ನಮ್ಮನ್ನ ನಂಬಿದಳು. ಇವತ್ತು ನೀನು ಬಾಯಿ ಬಿಟ್ಟರೆ, ನಾಳೆ ನನ್ನ ಮಯ್ಯತ್ತನ್ನ ನಿನ್ನ ಕೈಗೆ ಹೇಗೆ ಕೊಡಲಿ?"

"ಹುಡುಗಿಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ಬಣ್ಣ ಹೋಗಿದೆ ಅಷ್ಟೇ."

ನಾನೂ ಹಾಗೇ ನಂಬಲು ಪ್ರಯತ್ನಪಟ್ಟೆ. ಒಂಬತ್ತು ದಿನ ಪ್ರಯತ್ನಪಟ್ಟೆ.

ಹತ್ತನೆಯ ದಿನ ಮಧ್ಯಾಹ್ನ ತಾತುವಿನ ಮನೆಗೆ ಹೋದಾಗ ಸುಡು ಬಿಸಿಲು. ಹೆಂಚಿನ ಕೆಳಗೆ ಕೂತವರಿಗೂ ಬೆವರು ಇಳಿಯುತ್ತಿತ್ತು. ರಾಯಾ ಅಜ್ಜಿಯ ಕೋಣೆಯಲ್ಲಿ, ಅಜ್ಜಿಯ ಮಣೆಯ ಮೇಲೆ ಕೂತು ಒಣಗಿದ ಮದರಂಗಿ ಸೊಪ್ಪು ಕುಟ್ಟುತ್ತಿದ್ದಳು. ಅವಳು ಕುತ್ತಿಗೆಗೆ ಕಾಂಗಾ ಸುತ್ತಿಕೊಂಡಿದ್ದಳು. ಎಡದಿಂದ ಬಲಕ್ಕೆ ಒಂದು ಸುತ್ತು, ಕಿವಿಯ ಕೆಳಗೆ ಸಿಕ್ಕಿಸಿದ ಅಂಚು. ಝುವೇನಾ ಸುತ್ತುತ್ತಿದ್ದ ಹಾಗೆಯೇ.

ಬಾಗಿಲಲ್ಲಿ ನಿಂತಲ್ಲೇ ನನಗೆ ಒಂದು ಗಳಿಗೆ ಸತ್ತವಳೇ ಕಂಡಳು.

"ಈ ಸೆಕೆಯಲ್ಲಿ ಕುತ್ತಿಗೆಗೆ ಯಾಕೆ ಬಟ್ಟೆ?"

"ಸುಮ್ಮನೆ ಅಜ್ಜಿ."

ನಾನು ಬಟ್ಟೆಯ ಒಳಗೆ ಎರಡು ಬೆರಳು ಇಟ್ಟೆ. ಗಂಟಲಿನ ಮುಂಭಾಗ ಮೃದುವಾಗಿ ಉಬ್ಬಿತ್ತು. ಅದರ ಪಕ್ಕದ ನಾಡಿ, ಹಿಡಿದ ಹಕ್ಕಿಯ ಎದೆಯಂತೆ, ಎಣಿಸಲಾಗದಷ್ಟು ವೇಗವಾಗಿ ಬಡಿಯುತ್ತಿತ್ತು. ಕುಟ್ಟುವುದನ್ನು ನಿಲ್ಲಿಸಿದ್ದರೂ ಅವಳ ಬೆರಳುಗಳು ನಡುಗುತ್ತಲೇ ಇದ್ದವು.

"ರಾತ್ರಿ ನಿದ್ದೆ ಬರುತ್ತಾ?"

"ಇಲ್ಲ. ಎದೆ ಸದ್ದು ಮಾಡುತ್ತೆ. ಡಾಕ್ಟರಿಗೆ ಹೇಳಲಿಲ್ಲ. ಹೇಳಿದ್ರೆ ಹಡಗು ಹತ್ತಬೇಕಾಗುತ್ತೆ, ಅಮ್ಮ ಅಳ್ತಾಳೆ."

ನಾನು ತಾತುವನ್ನು ಕರೆದೆ. ಬಾಗಿಲು ಮುಚ್ಚಿದೆ. ತಂಗಿಯ ಮಂಚದ ಮೇಲೆ ಕೂತೆ.

"ತಾತು, ನಿನ್ನ ಅಮ್ಮನಿಗೂ ಇದೇ ಇತ್ತು."

ಅವಳಿಗೆ ಅರ್ಥವಾಗಲಿಲ್ಲ. ನಾನು ಮತ್ತೆ ಹೇಳಿದೆ: ಮೊಣಕೈ, ಬೆನ್ನು, ಕಾಲು, ಕುತ್ತಿಗೆ, ಊದಿದ ಗಂಟಲು. ಬೇಕಾದಷ್ಟೇ ಹೇಳಲು ಹೆಣಗಿದೆ. ಹೇಳಿ ಮುಗಿಸಿದಾಗ ತಾತುವಿನ ಮುಖ ಬೂದಿಯಾಗಿತ್ತು.

"ಸುಳ್ಳು," ಎಂದಳು. "ನಾನು ಅವಳ ಜೊತೆ ಒಂದೇ ಮನೆಯಲ್ಲಿ ಬಾಳಿದ್ದೀನಿ."

"ಅವಳು ಸ್ನಾನ ಮಾಡಿದ್ದನ್ನ ಎಂದಾದ್ರೂ ನೋಡಿದ್ದೀಯಾ?"

ಝುವೇನಾ ಎಲ್ಲರಿಗಿಂತ ಮೊದಲೇ ಎದ್ದು ಮಿಂದು, ಉದ್ದ ತೋಳಿನ ಅಂಗಿ ತೊಟ್ಟು ಕೂರುತ್ತಿದ್ದಳು. ಅದು ಭಕ್ತಿ ಎಂದು ನಾವೆಲ್ಲ ಹೇಳುತ್ತಿದ್ದೆವು. ಭಕ್ತಿಯೂ ಇತ್ತು.

"ಅದಕ್ಕೇ ನನ್ನ ಬೇಡ ಅಂದಳಾ?" ತಾತುವಿನ ದನಿ ಏರಿತು. "ನಾನು ಅಸಹ್ಯಪಡ್ತೀನಿ ಅಂತ? ನಾನು? ಮತ್ತೆ ನೀನು, ದೊಡ್ಡಮ್ಮ, ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತು ಇಲ್ಲ ಅಂದೆ! ಮುಚ್ಚಿಡೋದಾದ್ರೆ ಕೊನೇವರೆಗೂ ಮುಚ್ಚಿಡಬೇಕಿತ್ತು. ಹೇಳೋದಾದ್ರೆ ಅವತ್ತೇ ಹೇಳ್ಬೇಕಿತ್ತು. ಈಗ ನನ್ನ ಅಮ್ಮನ ಮೈಮೇಲಿನ ಬಟ್ಟೆಯನ್ನೂ ಎಳೆದೆ, ನನ್ನ ಮಗಳ ಹತ್ತು ದಿನವನ್ನೂ ಕಳೆದೆ."

ಅವಳು ಹೇಳಿದ್ದರಲ್ಲಿ ತಪ್ಪು ಇರಲಿಲ್ಲ.

ಮಾತಾಡಿದವಳು ರಾಯಾ. ಅವಳು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಅಜ್ಜಿ ಆ ಕೈಯಲ್ಲೇ ನನಗೆ ತುತ್ತು ಕೊಡ್ತಿದ್ದಳಲ್ಲ," ಎಂದಳು. "ಎಷ್ಟು ಮದುವಣಗಿತ್ತಿಯರ ಕೈ ಹಿಡಿದಳು. ಯಾರಿಗೂ ಏನೂ ಆಗಲಿಲ್ಲ." ಕುಟ್ಟುತ್ತಿದ್ದ ಸೊಪ್ಪನ್ನು ಪಕ್ಕಕ್ಕೆ ಸರಿಸಿ, "ನನಗೆ ಒಂದು ಮಾತು ಹೇಳಿದ್ರೆ ಅವಳ ಬೆನ್ನಿಗೆ ನಾನೇ ಎಣ್ಣೆ ಹಚ್ಚುತ್ತಿದ್ದೆ," ಎಂದಳು. ಆಗ ತಾತು ಅತ್ತಳು. ಅಮ್ಮ ಸತ್ತ ದಿನ ಫೋನಿನಲ್ಲಿ ಅಳದವಳು ಅಂದು ಮಂಚದ ಕಾಲು ಹಿಡಿದು ಅತ್ತಳು.

ಮರುದಿನ ಡಾಕ್ಟರ್ ಅಕ್ವಿಲಿನಾ ನನ್ನ ಸುಳ್ಳಿಗೆ ಬೈಯಲಿಲ್ಲ. ಒಂದು ಹಾಳೆ ತೆಗೆದು ಹೆಂಗಸರಿಗೆ ಸುತ್ತು, ಗಂಡಸರಿಗೆ ಚೌಕ ಬರೆಯುತ್ತಾ ನಮ್ಮ ಮನೆತನದ ಮರ ಮಾಡಿದಳು. ಮೇಲೆ ನಮ್ಮ ತಾಯಿ, ಅವಳ ಕೆಳಗೆ ನಾನು ಮತ್ತು ಝುವೇನಾ, ಆಮೇಲೆ ತಾತು, ತುದಿಯಲ್ಲಿ ರಾಯಾ. ಲೇಖನಿಯನ್ನು ನನ್ನ ಕಡೆ ಚಾಚಿದಳು.

"ಯಾರಿಗೆ ಇತ್ತೋ ಆ ಸುತ್ತಿನ ಒಳಗೆ ಕಪ್ಪು ತುಂಬಿ ಅಮ್ಮ."

ನನ್ನ ತಂಗಿಯ ಸುತ್ತಿಗೆ ನಾನೇ ಶಾಯಿ ತುಂಬಿದೆ. ಬೆಳ್ಳಗಾದವಳನ್ನು ಕಾಗದದ ಮೇಲೆ ಕಪ್ಪಾಗಿಸಿದೆ. ಅಂಚು ದಾಟದಂತೆ, ಬಹಳ ಹುಷಾರಾಗಿ ತುಂಬಿದೆ. ತಾಯಿಯ ಊದಿದ ಗಂಟಲಿನ ಮಾತು ಹೇಳಿದಾಗ ಅಲ್ಲಿ ಅರ್ಧ ತುಂಬಿಸಿದಳು. ನಂತರ ನನ್ನ ತಲೆ ನೋಡಿ, ಎಷ್ಟನೇ ವಯಸ್ಸಿಗೆ ನರೆಯಿತು ಎಂದು ಕೇಳಿದಳು.

"ಇಪ್ಪತ್ತೆರಡಕ್ಕೆ. ಅದು ನಮ್ಮ ಮನೆಯ ಹರಕೆ."

"ಇರಬಹುದು. ಕೆಲವು ಮನೆಗಳಲ್ಲಿ ಅದೂ ಇದರ ಜೊತೆಗೇ ಬರುತ್ತೆ," ಎಂದು ನನ್ನ ಸುತ್ತಿನ ಪಕ್ಕ ಸಣ್ಣ ಗೆರೆ ಎಳೆದಳು.

ತಾತು ತಡೆಯಲಾರದೆ ಕೇಳಿದಳು. "ಹಾಗಾದ್ರೆ ನಾನೇ ಕೊಟ್ಟೆನಾ ಇವಳಿಗೆ? ನನ್ನ ಮೈಯಲ್ಲಿ ಏನೂ ಇಲ್ಲವಲ್ಲ. ಇವಳಿಗೆ ಹುಟ್ಟೋ ಮಕ್ಕಳಿಗೂ ಬರುತ್ತಾ?"

"ಒಂದೇ ಒಂದು ದೋಷ ಕೈಯಿಂದ ಕೈಗೆ ದಾಟೋ ಕಾಯಿಲೆ ಇದಲ್ಲ. ಹತ್ತಾರು ಚಿಕ್ಕ ಚಿಕ್ಕ ಗುಣಗಳು, ಕೆಲವು ತಾಯಿ ಕಡೆ, ಕೆಲವು ತಂದೆ ಕಡೆ. ಎಲ್ಲ ಕೂಡಿದ್ರೂ ಬರಲೇಬೇಕು ಅಂತಿಲ್ಲ. ತಾಯಿಗೋ ತಂದೆಗೋ ತೊನ್ನು ಇದ್ರೆ ನೂರು ಮಕ್ಕಳಲ್ಲಿ ಸುಮಾರು ಆರೇಳು ಮಂದಿಗೆ ಬರಬಹುದು. ಉಳಿದವರಿಗೆ ಬರಲ್ಲ. ಒಂದೇ ಅಚ್ಚಿನ ಅವಳಿಗಳಲ್ಲಿ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೆ ಬರೋದು ನಾಲ್ಕರಲ್ಲಿ ಒಂದು ಸಲ. ರಕ್ತ ದಾರಿ ಮಾಡಿಕೊಡುತ್ತೆ. ಹೊರಗಿನ ಯಾವುದೋ ಒಂದು ಬಂದು ತಳ್ಳುತ್ತೆ. ಇವಳಿಗೆ ಆ ಪೀಕೋ ತಳ್ಳಿರಬಹುದು. ಖಂಡಿತ ಅಂತ ಹೇಳಲಾರೆ." ಅವಳು ರಾಯಾಳ ನಾಡಿ ಹಿಡಿದು ಗಡಿಯಾರ ನೋಡಿದಳು. ಮುಖ ಬಿಗಿಯಾಯಿತು. "ನಾಳೆ ಬೆಳಗಿನ ಹಡಗಿಗೇ ಹೊರಡಿ."

"ನನ್ನ ತಂಗಿ," ಎಂದೆ. "ಡಾಕ್ಟರ ಹತ್ತಿರ ಬಂದಿದ್ರೆ ಉಳೀತಿದ್ದಳಾ?"

ಡಾಕ್ಟರ್ ಹಾಳೆಯನ್ನು ಮಡಚುತ್ತಾ, "ಗೊತ್ತಿಲ್ಲ ಅಮ್ಮ," ಎಂದಳು. "ಮಣ್ಣಾದವರ ಪರೀಕ್ಷೆ ಮಾಡೋಕಾಗಲ್ಲ. ಈ ಹುಡುಗಿಯದು ಆಗುತ್ತೆ."

ಹಡಗಿನ ಮೇಲೆ ರಾಯಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಉದ್ದಕ್ಕೂ ನಾನು ಅವಳ ನಾಡಿಯ ಮೇಲೆ ಬೆರಳಿಟ್ಟೇ ಕೂತಿದ್ದೆ. ಎಲ್ಲಿ ನಿಂತುಬಿಡುವುದೋ ಎಂಬ ಭಯ. ರಕ್ತದ ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಗಂಟಲಿನ ಗ್ರಂಥಿ ಹದ ತಪ್ಪಿ ಓಡುತ್ತಿದೆ, ಹೃದಯವನ್ನು ಬಳಲಿಸುತ್ತಿದೆ, ಇನ್ನೂ ಕೈ ಮೀರಿಲ್ಲ ಎಂದರು. ದಿನಾ ನುಂಗುವ ಮಾತ್ರೆ ಕೊಟ್ಟರು. ತಿಂಗಳಿಗೊಮ್ಮೆ ರಕ್ತ ಕೊಡಬೇಕು.

ಈಗ ಅವಳ ಕೈ ನಡುಗುವುದು ಕಡಿಮೆಯಾಗಿದೆ. ಬಿಳುಪು ಹಾಗೇ ಇದೆ. ಗಲ್ಲದ ಮೇಲೆ ಹೊಸದೊಂದು ಚುಕ್ಕೆ ಮೂಡಿದೆ. ಹಚ್ಚುವ ಮುಲಾಮಿನಿಂದ ಬಣ್ಣ ಮರಳಬಹುದು, ಮರಳದಿರಬಹುದು. ಮಾರುಕಟ್ಟೆಗೆ ಹೋಗುವಾಗ ಅವಳು ಇನ್ನೂ ಕಾಂಗಾದೊಳಗೆ ಕೈ ಎಳೆದುಕೊಳ್ಳುತ್ತಾಳೆ. ಕುತ್ತಿಗೆಯ ಬಟ್ಟೆಯನ್ನು ಮಾತ್ರ ತೆಗೆದಿದ್ದಾಳೆ. ಮಯಾಸಾ ನನ್ನ ಜೊತೆ ಮಯ್ಯತ್ ತೊಳೆಯಲು ಬರುವುದನ್ನು ಬಿಟ್ಟಿದ್ದಾಳೆ. ಕಂಡರೆ ಸಲಾಂ ಹೇಳುತ್ತಾಳೆ, ನಿಲ್ಲುವುದಿಲ್ಲ. ಕೆಲವು ಮನೆಗಳಿಂದ ಈಗ ನನಗೆ ಕರೆ ಬರುವುದಿಲ್ಲ. ಮಯಾಸಾ ಯಾರಿಗೂ ಏನೂ ಹೇಳಿಲ್ಲ ಎಂದು ನಂಬಿದ್ದೇನೆ. ಆದರೂ ಒಮ್ಮೆ ತೆರೆದ ಬಾಯಿಯನ್ನು ಜನ ಹೇಗೋ ಗುರುತಿಸುತ್ತಾರೆ.

ನಿನ್ನೆ ಶುಕ್ರವಾರ. ತಾತು ಸಮಾಧಿಯ ಹತ್ತಿರ ನನ್ನ ಪಕ್ಕದಲ್ಲಿ ಬಂದು ನಿಂತಳು. ಬಹಳ ದಿನದ ಮೇಲೆ ಹಾಗೆ ನಿಂತದ್ದು.

"ನಾನು ತೊಳೆದಿದ್ದರೂ ಮುಚ್ಚಿಡುತ್ತಿದ್ದೆ ದೊಡ್ಡಮ್ಮ," ಎಂದಳು. "ಅಷ್ಟು ನಂಬಬಹುದಿತ್ತು ಅವಳು."

"ನಂಬದೆ ಅಲ್ಲ ಮಗಳೇ. ಹೆ‌ದರಿ."

ಅವಳು ಕಣ್ಣೊರೆಸಿಕೊಂಡು ಎರಡೂ ಕೈ ಮೇಲೆತ್ತಿದಳು. ನಾನೂ ಎತ್ತಿದೆ.

ಅಲ್ಲಾಹನೇ, ನನ್ನ ತಂಗಿ ಝುವೇನಾ ನಿನ್ನ ಹತ್ತಿರ ಇದ್ದಾಳೆ. ಎಲ್ಲರ ಕಣ್ಣಿಗೆ ಹೆದರಿ ಬದುಕಿದವಳು, ನಿನ್ನ ಕಣ್ಣಿಗೆ ಅವಳು ಹೆದರದಿರಲಿ. ಅವಳ ಮೈಯ ಬಣ್ಣ ಕೊಟ್ಟವನೂ ನೀನೇ, ತೆಗೆದವನೂ ನೀನೇ. ಅವಳು ಮುಚ್ಚಿಟ್ಟಿದ್ದನ್ನು ನಾನು ತೆರೆದೆ. ಹುಡುಗಿಯ ಉಸಿರಿಗಾಗಿ ತೆರೆದೆ, ಅದೂ ತಡವಾಗಿ ತೆರೆದೆ. ಅದು ಪಾಪವಾದರೆ ನನ್ನ ಲೆಕ್ಕಕ್ಕಿರಲಿ, ಅವಳಿಗೆ ತಾಗದಿರಲಿ. ನಾನು ಸರಿಸಿದ ಮುಸುಕಿನ ಮೇಲೆ ನಿನ್ನ ಕರುಣೆಯನ್ನು ಹೊದಿಸು. ಅವಳ ಗೋರಿಯನ್ನು ವಿಶಾಲ ಮಾಡು, ಅದರೊಳಗೆ ಬೆಳಕು ಇಡು. ಅಲ್ಲಿ ಅವಳು ಅಂಗಿಯ ತೋಳು ಮಡಚಿ, ಕುತ್ತಿಗೆಯ ಬಟ್ಟೆ ಬಿಚ್ಚಿ, ನಿಶ್ಚಿಂತೆಯಿಂದ ಮಲಗಲಿ. ಅವಳಿಗೆ ಶಾಂತಿ ಕೊಡು. ಆಮೀನ್.